ಯೂಟ್ಯೂಬ್ ಆಡ್: ‘ಡ್ರಿಪ್’ ಅಂತ ಕೀವರ್ಡ್ ಕೊಟ್ಟರೆ ಕಾಫಿ, ಹಾಡು, ಕಾರ್ಟೂನ್ ವಿಡಿಯೋಗಳಲ್ಲಿ ಬರ್ತಿದೆ

ಹನಿಪೈಪ್_ತಿಪಟೂರು

ಹನಿ ನೀರಾವರಿ ಸಾಮಾನಿನ ಅಂಗಡಿಗೆ ಗೂಗಲ್ ಆಡ್ಸ್‌ನಲ್ಲಿ ವಿಡಿಯೋ ವ್ಯೂಸ್ ಕ್ಯಾಂಪೇನ್ ಹಾಕಿದ್ದೇವೆ. 40 ಸೆಕೆಂಡಿನ ಸ್ಕಿಪ್ ಮಾಡಬಹುದಾದ ಆಡ್, ದಿನಕ್ಕೆ 600 ರೂಪಾಯಿ, ತುಮಕೂರು, ಹಾಸನ, ಚಿತ್ರದುರ್ಗ ಜಿಲ್ಲೆಗಳು, ಭಾಷೆ ಕನ್ನಡ ಮಾತ್ರ. ಆಡ್ ಗ್ರೂಪ್ (ಆಡ್ ಎಲ್ಲಿ ಬರಬೇಕು ಎಂಬ ಗುರಿಗಳ ಗುಂಪು) ಒಂದೇ. ಅದರಲ್ಲಿ ಡ್ರಿಪ್, ಹನಿ, ಸ್ಪ್ರಿಂಕ್ಲರ್, ಸಬ್ಸಿಡಿ, ಪೈಪ್ ಎಂಬ ಕೀವರ್ಡ್‌ಗಳು, ಕೃಷಿ ಟಾಪಿಕ್, ಹತ್ತು ಕೃಷಿ ಚಾನೆಲ್‌ಗಳು. ವ್ಯೂ ಚೆನ್ನಾಗಿಯೇ ಬರ್ತಿದೆ, ಅಂಗಡಿಗೆ ಫೋನ್ ಬರ್ತಿಲ್ಲ. ‘ಡ್ರಿಪ್’ ಅನ್ನು ಉದ್ಧರಣ ಚಿಹ್ನೆಯೊಳಗೆ, ಚೌಕ ಆವರಣದೊಳಗೆ ಹಾಕಿ ನೋಡಿದರೂ ವ್ಯತ್ಯಾಸವಿಲ್ಲ. ತಪ್ಪು ಎಲ್ಲಿದೆ?

ಕ್ಯಾಂಪೇನ್_ಕಟ್ಟೆ

ಎರಡು ತಪ್ಪುಗಳಿವೆ ಸರ್, ಎರಡೂ ಸರಿಹೋಗುವಂಥವು.

ಮೊದಲನೆಯದು, ಚಿಹ್ನೆಗಳು ಇಲ್ಲಿ ಕೆಲಸ ಮಾಡುವುದಿಲ್ಲ. ಫ್ರೇಸ್ (ಪದಗುಚ್ಛ), ಎಗ್ಸಾಕ್ಟ್ (ಅದೇ ಪದ) ಎಂಬ ಭೇದವೆಲ್ಲ ಸರ್ಚ್ ಕ್ಯಾಂಪೇನ್‌ಗೆ. ವಿಡಿಯೋದಲ್ಲಿ ಪ್ರತಿ ಕೀವರ್ಡ್ ಕೂಡ ಬ್ರಾಡ್, ಅಂದರೆ ಹತ್ತಿರದ ಅರ್ಥಕ್ಕೂ ಹೊಂದುತ್ತದೆ. ರೈತ ಏನು ಹುಡುಕಿದ ಅಂತ ಅದು ನೋಡುವುದಿಲ್ಲ, ಪರದೆ ಮೇಲೆ ಓಡುತ್ತಿರುವ ವಿಡಿಯೋ ಯಾವುದರ ಬಗ್ಗೆ ಅಂತ ನೋಡುತ್ತದೆ. ‘ಡ್ರಿಪ್’ ಅಂದರೆ ಫಿಲ್ಟರ್ ಕಾಫಿಯೂ ಹೌದು, ಆಸ್ಪತ್ರೆಯ ಗ್ಲೂಕೋಸ್ ಬಾಟಲಿಯೂ ಹೌದು. ‘ಹನಿ’ ಅಂದರೆ ಮಳೆಹನಿಯ ಹಾಡು, ಇಂಗ್ಲಿಷಿನಲ್ಲಾದರೆ ಜೇನುತುಪ್ಪ. ‘ಸಬ್ಸಿಡಿ’ ಅಂದರೆ ಸುದ್ದಿ ಚಾನೆಲ್, ಕೆಪಿಎಸ್‌ಸಿ ತಯಾರಿಯ ಪಾಠ.

ಎರಡನೆಯದು ಇನ್ನೂ ದುಬಾರಿ. ಕೀವರ್ಡ್, ಟಾಪಿಕ್, ಚಾನೆಲ್ ಮೂರನ್ನೂ ಒಂದೇ ಆಡ್ ಗ್ರೂಪಿನಲ್ಲಿ ಇಟ್ಟಿದ್ದೀರಿ. ಮೂರೂ ಕೂಡಿದ ಕಡೆ ಮಾತ್ರ ಆಡ್ ಬರುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಮೂರರಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು. ನಿಮ್ಮ ಹತ್ತು ಚಾನೆಲ್‌ಗಳು ಬೇಲಿ ಆಗಲಿಲ್ಲ, ಇನ್ನೊಂದು ಬಾಗಿಲು ಆದವು. ಆಡಿಯೆನ್ಸ್ (ಆಡ್ ಯಾರಿಗೆ ತೋರಿಸಬೇಕೋ ಆ ಜನರ ಗುಂಪು) ಸೇರಿಸಿದರೆ ಮಾತ್ರ ‘ಇದೂ ಬೇಕು, ಅದೂ ಬೇಕು’ ಅಂತ ಗುರಿ ಕಿರಿದಾಗುತ್ತದೆ.

ಏನನ್ನೂ ಬದಲಿಸುವ ಮುಂಚೆ ಇನ್‌ಸೈಟ್ಸ್ ಅಂಡ್ ರಿಪೋರ್ಟ್ಸ್ ಒಳಗೆ ಹೋಗಿ, ‘ವೇರ್ ಆಡ್ಸ್ ಶೋಡ್’ ತೆರೆದು, ಖರ್ಚು ಹೆಚ್ಚಿರುವುದು ಮೇಲೆ ಬರುವಂತೆ ಜೋಡಿಸಿ. ಮೊದಲ 50 ಸಾಲು ಕಣ್ಣಾರೆ ಓದಿ. ಅಲ್ಲಿ ಏನಿದೆ ಹೇಳಿ.

ಹನಿಪೈಪ್_ತಿಪಟೂರು

ನೋಡಿದೆ ಸರ್. ಮೊದಲ ಸಾಲೇ ಮಕ್ಕಳ ಕಾರ್ಟೂನು. ವ್ಯೂ ರೇಟ್ (ತೋರಿಸಿದ್ದರಲ್ಲಿ ವ್ಯೂ ಆದ ಪಾಲು) ಎಲ್ಲಕ್ಕಿಂತ ಜಾಸ್ತಿ, ಕ್ಲಿಕ್ ಸೊನ್ನೆ. ಕೆಳಗೆ ಹಾಡಿನ ಪ್ಲೇಲಿಸ್ಟುಗಳು, ಒಂದೆರಡು ಗೇಮ್ ಆ್ಯಪ್. ಕೃಷಿ ವಿಡಿಯೋ ಹನ್ನೊಂದನೇ ಸಾಲಿಗೆ ಸಿಕ್ಕಿತು. ಇವಕ್ಕೆಲ್ಲ ‘ಹಾಡು’, ‘ಕಾರ್ಟೂನ್’ ಅಂತ ನೆಗೆಟಿವ್ ಕೀವರ್ಡ್ (ಈ ವಿಷಯದಲ್ಲಿ ಆಡ್ ಬೇಡ ಎನ್ನುವ ಪದ) ಹಾಕಿಬಿಟ್ಟರೆ ಆಯಿತಲ್ಲ?

ಕ್ಯಾಂಪೇನ್_ಕಟ್ಟೆ

ಹಾಕಿ, ಆದರೆ ಅದನ್ನೇ ನಂಬಬೇಡಿ. ವಿಡಿಯೋದಲ್ಲಿ ನೆಗೆಟಿವ್ ಕೀವರ್ಡ್ ಸೋರುತ್ತದೆ, ಹತ್ತಿರದ ವಿಷಯಗಳು ನುಸುಳಿ ಬರುತ್ತವೆ. ಗಟ್ಟಿಯಾಗಿ ನಿಲ್ಲುವುದು ಚಾನೆಲ್ ಮಟ್ಟದ ಎಕ್ಸ್‌ಕ್ಲೂಷನ್. ಆ ಸಾಲುಗಳನ್ನು ಆರಿಸಿ ಕ್ಯಾಂಪೇನಿನಿಂದಲೇ ಹೊರಗಿಡಿ. ಒಂದೊಂದು ವಿಡಿಯೋ ತೆಗೆಯುತ್ತಾ ಕೂತರೆ ಅದೇ ಚಾನೆಲ್ಲಿನ ಮುಂದಿನ ವಿಡಿಯೋ ಬಂದು ಕೂರುತ್ತದೆ, ಹಾಗಾಗಿ ಇಡೀ ಚಾನೆಲ್ ತೆಗೆಯಿರಿ. ಗೇಮ್ ಆ್ಯಪ್ ಬಂದಿರುವುದು ವಿಡಿಯೋ ಪಾರ್ಟ್‌ನರ್ಸ್ (ಯೂಟ್ಯೂಬ್ ಹೊರಗಿನ ಸೈಟು, ಆ್ಯಪ್‌ಗಳು) ಟಿಕ್ ಇರುವುದರಿಂದ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆಯಿರಿ.

ಕಾರ್ಟೂನಿನ ವ್ಯೂ ರೇಟ್ ನೋಡಿ ಮೋಸ ಹೋಗಬೇಡಿ. 30 ಸೆಕೆಂಡು ಓಡಿದರೆ ಒಂದು ವ್ಯೂ. ಮಗು ಸ್ಕಿಪ್ ಒತ್ತುವುದಿಲ್ಲ, ಫೋನ್ ಪಕ್ಕಕ್ಕಿಟ್ಟು ಹಾಡು ಕೇಳುವವನೂ ಒತ್ತುವುದಿಲ್ಲ. ಅಲ್ಲಿ ವ್ಯೂ ಅಗ್ಗವಾಗಿ ಸಿಗುವುದರಿಂದ ನಿಮ್ಮ 600 ರೂಪಾಯಿ ಇಳಿಜಾರಿಗೆ ನೀರು ಹರಿದಂತೆ ಅತ್ತಲೇ ಹರಿಯುತ್ತದೆ.

ಮಾರುಕಟ್ಟೆ_ಗೆಳತಿ

ಕಾರ್ಟೂನ್ ಬಗ್ಗೆ ಒಂದು ಮುಖ್ಯ ಮಾತು. ಮಕ್ಕಳಿಗಾಗಿ ಎಂದು ಗುರುತಾದ ವಿಡಿಯೋಗಳಲ್ಲಿ 2020ರ ಜನವರಿಯಿಂದ ವೈಯಕ್ತಿಕ ಆಸಕ್ತಿ ಆಧರಿಸಿದ ಆಡ್ ಓಡುವುದಿಲ್ಲ, ವಿಡಿಯೋದ ವಿಷಯ ನೋಡಿ ಬರುವಂಥವು ಮಾತ್ರ ಓಡುತ್ತವೆ. ನಿಮ್ಮ ಗ್ರೂಪಿನಲ್ಲಿರುವುದು ವಿಷಯ ನೋಡುವ ಗುರಿಗಳು ಮಾತ್ರ, ಅದಕ್ಕೇ ಒಳಗೆ ಹೋಗುತ್ತಿದೆ. ಆಡಿಯೆನ್ಸ್ ಸೇರಿಸಿದರೆ ಆ ಸೋರಿಕೆ ಬಹುಪಾಲು ನಿಲ್ಲುತ್ತದೆ.

ಆ ಆಡಿಯೆನ್ಸನ್ನು ಕಸ್ಟಮ್ ಸೆಗ್ಮೆಂಟಿನಲ್ಲಿ (ನೀವೇ ಪದ ಕೊಟ್ಟು ಮಾಡುವ ಜನರ ಗುಂಪು) ಕಟ್ಟಿ. ‘ಗೂಗಲ್‌ನಲ್ಲಿ ಈ ಪದಗಳನ್ನು ಹುಡುಕಿದವರು’ ಎಂಬ ಆಯ್ಕೆ ಇದೆ, ನಿಮಗೆ ಬೇಕಾದ ರೈತ ಸಿಗುವುದು ಅಲ್ಲಿ. ಅಂಗಡಿಗೆ ಬಂದವರು ಕೌಂಟರಿನಲ್ಲಿ ಕೇಳುವ ಮಾತನ್ನೇ ಬರೆಯಿರಿ: 16 ಎಂಎಂ ಲ್ಯಾಟರಲ್ ಬೆಲೆ, ಇನ್‌ಲೈನ್ ಡ್ರಿಪ್ ಒಂದು ಎಕರೆಗೆ ಖರ್ಚು, ಅಡಿಕೆಗೆ ಹನಿ ನೀರಾವರಿ, ವೆಂಚುರಿ ಜೋಡಿಸುವುದು, ಡಿಸ್ಕ್ ಫಿಲ್ಟರ್, ಡ್ರಿಪ್ಪರ್ ಕಟ್ಟಿಕೊಂಡರೆ ಏನು ಮಾಡಬೇಕು. ಪ್ರತಿಯೊಂದನ್ನೂ ಮೂರು ರೀತಿ ಕೊಡಿ: ಕನ್ನಡ ಲಿಪಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಇಂಗ್ಲಿಷ್. ಮೊಬೈಲಿನಲ್ಲಿ ‘ಹನಿ ನೀರಾವರಿ’ಯನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುವವರು ಬಹಳ ಜನ.

ಕೀವರ್ಡ್ ಉಳಿಸಿಕೊಳ್ಳುವುದಾದರೆ ಒಂಟಿ ಪದ ಒಂದನ್ನೂ ಬಿಡಬೇಡಿ. ‘ಪೈಪ್’ ತೆಗೆದು ‘ಡ್ರಿಪ್ ಸಬ್‌ಮೇನ್ ಪೈಪ್’, ‘ಸ್ಪ್ರಿಂಕ್ಲರ್’ ತೆಗೆದು ‘ಶೇಂಗಾ ಸ್ಪ್ರಿಂಕ್ಲರ್ ಸೆಟ್’ ಮಾಡಿ. ಬೇರೆ ಕಡೆ ಯಾರೂ ಆಡದ ಪದವಾದಷ್ಟೂ ಒಳ್ಳೆಯದು. ‘ಲ್ಯಾಟರಲ್’ ಒಂದನ್ನೇ ಬರೆದರೆ ವ್ಯಾಯಾಮದ ವಿಡಿಯೋ ಬರಬಹುದು, ‘16 ಎಂಎಂ ಡ್ರಿಪ್ ಲ್ಯಾಟರಲ್’ ಅಂದರೆ ಹೊಲ ಬಿಟ್ಟು ಹೋಗುವುದು ಕಷ್ಟ.

ಇನ್ನು ಭಾಷೆ. ಕನ್ನಡ ಮಾತ್ರ ಅಂತ ಇಟ್ಟಿರುವುದು ನಿಮಗೇ ನಷ್ಟ. ಆ ಸೆಟ್ಟಿಂಗ್ ಬರೀ ವಿಡಿಯೋದ ಭಾಷೆಯನ್ನು ನೋಡುವುದಿಲ್ಲ, ನೋಡುವವರ ಭಾಷೆಯನ್ನು ಅಂದಾಜಿಸುತ್ತದೆ. ಫೋನನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು ಕನ್ನಡ ಕೃಷಿ ಚಾನೆಲ್ ನೋಡುವ ರೈತರು ಇದರಿಂದ ತಪ್ಪಿಹೋಗಬಹುದು. ಕನ್ನಡ, ಇಂಗ್ಲಿಷ್ ಎರಡನ್ನೂ ಇಡಿ.

ಹನಿಪೈಪ್_ತಿಪಟೂರು

ತುಂಬಾ ಉಪಕಾರ ಮೇಡಂ. ಹಾಗಾದರೆ ಈಗಿನ ಗ್ರೂಪನ್ನೇ ತಿದ್ದಲೇ, ಹೊಸದು ಮಾಡಲೇ?

ಕ್ಯಾಂಪೇನ್_ಕಟ್ಟೆ

ಅದನ್ನು ಸದ್ಯಕ್ಕೆ ನಿಲ್ಲಿಸಿ, ಹೊಸದಾಗಿ ಮೂರು ಗ್ರೂಪ್ ಮಾಡಿ. ಒಂದರಲ್ಲಿ ಕಸ್ಟಮ್ ಸೆಗ್ಮೆಂಟ್ ಮಾತ್ರ. ಇನ್ನೊಂದರಲ್ಲಿ ನಿಮ್ಮ ಹತ್ತು ಚಾನೆಲ್ ಮಾತ್ರ. ಮೂರನೆಯದರಲ್ಲಿ ತಿದ್ದಿದ ಕೀವರ್ಡ್ ಮತ್ತು ಅದೇ ಕಸ್ಟಮ್ ಸೆಗ್ಮೆಂಟ್ ಎರಡೂ. ಇದು ಕಿರಿದಾಗುತ್ತದೆ, ಆಡ್ ಓಡದೇ ಇದ್ದರೆ ಗಾಬರಿ ಬೇಡ, ಸೆಗ್ಮೆಂಟಿಗೆ ಇನ್ನಷ್ಟು ಹುಡುಕಾಟದ ಪದ ಸೇರಿಸಿ. ಆಡಿಯೆನ್ಸ್ ಎಕ್ಸ್‌ಪ್ಯಾನ್ಶನ್ ಟಿಕ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಕಟ್ಟಿದ ಬೇಲಿಯನ್ನು ಅದೇ ದಾಟುತ್ತದೆ.

ಡಿವೈಸ್‌ನಲ್ಲಿ ಟಿವಿ ಸ್ಕ್ರೀನ್ ತೆಗೆದುಬಿಡಿ. ನಿಮಗೆ ಬೇಕಿರುವುದು ಫೋನ್ ಕರೆ, ಟಿವಿ ನೋಡುವವರು ಆಡ್ ಒತ್ತಿ ಕರೆ ಮಾಡಲಾರರು.

ವಾರಕ್ಕೊಮ್ಮೆ ಅದೇ ರಿಪೋರ್ಟ್ ತೆರೆದು, ಖರ್ಚಿದ್ದೂ ಕ್ಲಿಕ್ ಇಲ್ಲದ ಚಾನೆಲ್‌ಗಳನ್ನು ಒಂದು ಎಕ್ಸ್‌ಕ್ಲೂಷನ್ ಲಿಸ್ಟಿಗೆ ಹಾಕುತ್ತಾ ಹೋಗಿ. ಲಿಸ್ಟ್ ಶೇರ್ಡ್ ಲೈಬ್ರರಿಯಲ್ಲಿ ಇರಲಿ, ಸ್ಪ್ರೇಯರ್‌ಗೆ ಬೇರೆ ಕ್ಯಾಂಪೇನ್ ಮಾಡಿದಾಗ ಅದನ್ನೇ ಜೋಡಿಸಬಹುದು. ಈ ಸಲ ಪ್ರತಿ ವ್ಯೂ ದರ ಏರುತ್ತದೆ, ಅದನ್ನು ನೋಡಿ ಹಳೇ ಕೀವರ್ಡ್‌ಗೆ ಹಿಂತಿರುಗಬೇಡಿ. ಪ್ರತಿ ಕರೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ, ಎರಡು ವಾರದ ರಿಪೋರ್ಟ್ ಇಲ್ಲೇ ಹಾಕಿ, ನೋಡೋಣ.