ಸಂಜೆ ಪಾಠ ನಿಲ್ಲುತ್ತದೆ, ಕ್ರಿಕೆಟ್ ಓಡುತ್ತದೆ: ಇದು ನೆಟ್ ನ್ಯೂಟ್ರಾಲಿಟಿಯ ಉಲ್ಲಂಘನೆಯೇ?

ಪ್ರಶ್ನೆ — ಶಿರಸಿಯ ನಿವೃತ್ತ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿ ಇದ್ದೇನೆ. ಊರಿನ ಹತ್ತು ಹನ್ನೆರಡು ಮಕ್ಕಳನ್ನು ಸಂಜೆ ಏಳಕ್ಕೆ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು, ಶಿಕ್ಷಕ ಮಿತ್ರರು ಸೇರಿ ನಡೆಸುವ ಸಣ್ಣ ಕನ್ನಡ ಜಾಲತಾಣದಿಂದ ವಿಜ್ಞಾನದ ಪಾಠಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇನೆ. ಎರಡು ತಿಂಗಳಿಂದ ಪಾಠ ನಡುನಡುವೆ ನಿಲ್ಲುತ್ತಿದೆ. ಮೊನ್ನೆ ಚಂದ್ರಗ್ರಹಣದ ಪಾಠದಲ್ಲಿ ಭೂಮಿಯ ನೆರಳು ಚಂದ್ರನ ಅಂಚನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತು, ಪರದೆಯ ಮೇಲೆ ಸುತ್ತುವ ಚಕ್ರವೊಂದೇ ಉಳಿಯಿತು. ಕೊನೆಗೆ ಟಾರ್ಚು ಮತ್ತು ಲಿಂಬೆಹಣ್ಣು ತಂದು ಪಾಠ ಮುಗಿಸಬೇಕಾಯಿತು. ಅದೇ ಹೊತ್ತಿಗೆ ಒಳಕೋಣೆಯ ಟಿವಿಯಲ್ಲಿ, ಅದೇ ಫೈಬರ್ ಸಂಪರ್ಕದ ಮೇಲೆ, ಕ್ರಿಕೆಟ್ ಪಂದ್ಯ ಒಂದು ಕ್ಷಣವೂ ತಡವರಿಸದೆ ಓಡುತ್ತಿತ್ತು.

ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿದಾಗ ಬಂದ ಉತ್ತರ ನನ್ನನ್ನು ಇಲ್ಲಿಗೆ ಕರೆತಂದಿದೆ. ‘ಸರ್, ದೊಡ್ಡ ಆ್ಯಪ್‌ಗಳಿಗೆ ನಮ್ಮಲ್ಲಿ ಸ್ಪೀಡ್ ಗ್ಯಾರಂಟಿ ಇದೆ, ಸಣ್ಣಪುಟ್ಟ ಸೈಟುಗಳಿಗೆ ಇಲ್ಲ, ಬೇಕಿದ್ದರೆ ಮೇಲಿನ ಪ್ಲಾನಿಗೆ ಬನ್ನಿ’ ಎಂದರು. ನಾನು ತಿಂಗಳ ಹಣ ಕಟ್ಟುವುದು ಇಡೀ ಅಂತರ್ಜಾಲಕ್ಕೆ ಎಂದು ತಿಳಿದಿದ್ದೆ. ಯಾವ ತಾಣ ವೇಗವಾಗಿ ಬರಬೇಕು, ಯಾವುದು ಕಾಯಬೇಕು ಎಂದು ತೀರ್ಮಾನಿಸುವ ಅಧಿಕಾರ ಅವರಿಗೆ ಇದೆಯೇ? ಭಾರತದಲ್ಲಿ ಇದಕ್ಕೆ ಕಾನೂನು ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 — ಹುಬ್ಬಳ್ಳಿಯ ವಕೀಲೆ

ಮಾಸ್ತರರೇ, ಸೇವಾದಾತರು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕು ಎಂಬ ನೆಟ್ ನ್ಯೂಟ್ರಾಲಿಟಿಯ ನಿಯಮ ನಮ್ಮಲ್ಲಿ ಇದೆ, ಮತ್ತು ಅದು ನಿಮ್ಮ ಪರವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ನವೆಂಬರ್‌ನಲ್ಲಿ ಮಾಡಿದ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿಕೊಂಡು, ಅವುಗಳನ್ನು ಸೇವಾದಾತರ ಪರವಾನಗಿಯ ಷರತ್ತುಗಳಲ್ಲಿ ಸೇರಿಸಿತು. ಅದರಂತೆ ಯಾವುದೇ ತಾಣವನ್ನಾಗಲಿ ಆ್ಯಪನ್ನಾಗಲಿ ತಡೆಯುವುದು, ನಿಧಾನಗೊಳಿಸುವುದು ಮಾತ್ರವಲ್ಲ, ಒಂದಕ್ಕೆ ಉಳಿದವುಗಳಿಗಿಂತ ಹೆಚ್ಚಿನ ವೇಗ ಕೊಡುವುದೂ ನಿಷಿದ್ಧ. ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಂತೆ ತಡೆಯುವುದು, ದಟ್ಟಣೆಯ ಸಮಯದ ಸಮಂಜಸ ನಿರ್ವಹಣೆ, ತುರ್ತು ಸೇವೆ, ವಿಶೇಷ ಸೇವೆಗಳು ಎಂಬ ಕೆಲವು ವಿನಾಯಿತಿಗಳಿವೆ. ಆದರೆ ‘ದೊಡ್ಡ ಆ್ಯಪ್‌ಗಳಿಗೆ ಸ್ಪೀಡ್ ಗ್ಯಾರಂಟಿ’ ಎಂಬ ಮಾತು ಅವರು ಹೇಳಿದಂತೆಯೇ ನಿಜವಾಗಿದ್ದರೆ ಅದು ಈ ಯಾವ ವಿನಾಯಿತಿಯೊಳಗೂ ಬರುವುದಿಲ್ಲ.

ಈ ನಿಯಮ ಸುಮ್ಮನೆ ಬಂದದ್ದಲ್ಲ ಎಂಬುದನ್ನು ಇಂದಿನ ಯುವಕರಿಗಾಗಿ ಇಲ್ಲಿ ಹೇಳಬೇಕೆನಿಸುತ್ತದೆ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ಘೋಷಿಸಿ, ಜನರ ವಿರೋಧದ ನಂತರ ಹಿಂದೆ ಸರಿಯಿತು. ಮರುವರ್ಷದ ಮಾರ್ಚ್‌ನಲ್ಲಿ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಅವುಗಳಲ್ಲಿ ಒಂದು ನನ್ನದು. ಆಮೇಲೆ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬಂತು: ಆಯ್ದ ತಾಣಗಳಷ್ಟೇ ಉಚಿತ, ಉಳಿದದ್ದಕ್ಕೆ ಹಣ. ಬಡವರಿಗೆ ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಸಿಗಲಿ ಎಂಬ ವಾದಕ್ಕೆ ಅಂದು ನನ್ನ ಮನಸ್ಸೂ ಅರ್ಧ ಒಲಿದಿತ್ತು. ಆದರೆ ಆ ಆಯ್ದ ಪಟ್ಟಿಯ ಬಾಗಿಲು ಕಾಯುವವರು ಒಂದು ಖಾಸಗಿ ಕಂಪನಿಯವರು ಎಂಬುದನ್ನು ಯೋಚಿಸಿದಾಗ, ಮೊದಲ ಬಾರಿಗೆ ಅಂತರ್ಜಾಲ ನೋಡುವ ಹಳ್ಳಿಯವರಿಗೆ ಆ ಪಟ್ಟಿಯೇ ಅಂತರ್ಜಾಲವಾಗಿ ಉಳಿದುಬಿಡುತ್ತದೆ ಎಂಬುದು ಹೊಳೆಯಿತು. ನಿಮ್ಮ ಮಿತ್ರರ ತಾಣದಂಥದ್ದು ಆ ಪಟ್ಟಿ ಸೇರಲು ಯಾರ ಒಪ್ಪಿಗೆಗೆ ಕಾಯಬೇಕಾಗುತ್ತಿತ್ತು ಎಂದು ಯೋಚಿಸಿ ನೋಡಿ. 2016ರ ಫೆಬ್ರುವರಿ 8ರಂದು ಟ್ರಾಯ್ ತಾಣವನ್ನು ನೋಡಿ ಡೇಟಾ ದರ ಬದಲಿಸುವುದನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷದವರೆಗೆ ದಂಡ. ಮೂರು ದಿನಗಳಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಹೊರಟುಹೋಯಿತು.

ಉತ್ತರ 2 — ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್

ಗುರುಗಳೇ, ವಕೀಲರು ಹೇಳಿದ ಕಾನೂನಿನ ವಿಷಯ ಸರಿಯಾಗಿದೆ. ಆದರೆ ದೂರು ಬರೆಯುವ ಮೊದಲು ನಿಮ್ಮ ಪಾಠವನ್ನು ನಿಜವಾಗಿ ನಿಲ್ಲಿಸುತ್ತಿರುವುದು ಏನು ಎಂದು ನೋಡಬೇಕು, ಏಕೆಂದರೆ ಫೋನಿನಲ್ಲಿ ಮಾತನಾಡುವ ಹುಡುಗರು ತಮಗೆ ಅರ್ಥವಾಗದ್ದನ್ನು ‘ಗ್ಯಾರಂಟಿ’ ಎಂದು ಕರೆಯುವುದುಂಟು.

ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಕಡತಗಳ ಪ್ರತಿಗಳಿರುವ ಸರ್ವರ್‌ಗಳನ್ನು ಸೇವಾದಾತರ ಕಟ್ಟಡದೊಳಗೇ ತಂದು ಇಡುತ್ತವೆ. ಗೂಗಲ್, ನೆಟ್‌ಫ್ಲಿಕ್ಸ್ ಎರಡೂ ಹೀಗೆ ಮಾಡುತ್ತವೆ. ಆ ಚಿತ್ರ ನಿಮ್ಮ ಮನೆಗೆ ಬರುವುದು ಹತ್ತಿರದ ಊರಿನಿಂದ. ನಿಮ್ಮ ಮಿತ್ರರ ಪಾಠ ಬರುವುದು ದೂರದ ಡೇಟಾ ಸೆಂಟರಿನಿಂದ, ನಿಮ್ಮ ಸೇವಾದಾತರು ಬೇರೆ ಕಂಪನಿಯಿಂದ ಬಾಡಿಗೆಗೆ ಪಡೆದ ಹೊರದಾರಿಯ ಮೂಲಕ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲ ಮನೆಗಳೂ ಎಚ್ಚರವಾಗಿರುತ್ತವೆ. ಹೊರದಾರಿಯನ್ನು ಕಡಿಮೆ ಕೊಂಡಿದ್ದರೆ ಮೊದಲು ಉಸಿರುಗಟ್ಟುವುದು ಒಳಗೆ ಪ್ರತಿ ಇಲ್ಲದ ಇಂಥ ಸಣ್ಣ ತಾಣಗಳೇ. ಬೇಕೆಂದೇ ಒಂದು ತಾಣದ ಕತ್ತು ಹಿಸುಕುವುದು ಬೇರೆ, ಎಲ್ಲರಿಗೂ ಸಾಲುವಷ್ಟು ಕೊಳ್ಳದೆ ಇರುವುದು ಬೇರೆ. ಮೊದಲನೆಯದು ನೆಟ್ ನ್ಯೂಟ್ರಾಲಿಟಿಯ ಉಲ್ಲಂಘನೆ. ಎರಡನೆಯದು ಕಳಪೆ ಸೇವೆ.

ಬೆಳಿಗ್ಗೆ ಆರಕ್ಕೂ ಸಂಜೆ ಏಳೂವರೆಗೂ ಅದೇ ಪಾಠವನ್ನು ಹಾಕಿ ನೋಡಿ. ಜತೆಗೆ ಆ ತಾಣಕ್ಕೆ ಸಂಬಂಧವಿಲ್ಲದ ಇನ್ನೊಂದೆರಡು ಸಣ್ಣ ತಾಣಗಳನ್ನು ತೆರೆಯಿರಿ, ನಂತರ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದೇ ಪಾಠ ಹಾಕಿ. ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಹಾಯಿಸುವ ತಂತ್ರಾಂಶ) ಹಾಕಿದಾಗ ವೇಗವಾದರೆ ಅದನ್ನೇ ಸಾಕ್ಷಿ ಎಂದು ತಿಳಿಯಬೇಡಿ, ಏಕೆಂದರೆ ವಿಪಿಎನ್ ದಾರಿಯನ್ನೇ ಬದಲಿಸುತ್ತದೆ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿಯನ್ನೂ ನಂಬಬೇಡಿ. ಅದು ಅಳೆಯುವುದು ಹೆಚ್ಚಾಗಿ ಸೇವಾದಾತರ ಜಾಲದೊಳಗೇ ಇರುವ ಸರ್ವರ್‌ವರೆಗಿನ ದಾರಿಯನ್ನು.

ಉತ್ತರ 3 — ಮೈಸೂರಿನಿಂದ

ಇಲ್ಲಿ ಎಲ್ಲರೂ ಸೇವಾದಾತರನ್ನೇ ದೂರುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ಕಾಡಿನ ನಡುವಿನ ಹಳ್ಳಿಗೆ ಫೈಬರ್ ಎಳೆದವರು, ಮಳೆಗಾಲದಲ್ಲಿ ಮರ ಬಿದ್ದಾಗಲೆಲ್ಲ ಮತ್ತೆ ಜೋಡಿಸುವವರು ಅವರೇ. ಅದರ ಮೇಲೆ ಹರಿಯುವ ದತ್ತಾಂಶದ ಬಹುಪಾಲು ಬೆರಳೆಣಿಕೆಯ ದೊಡ್ಡ ಕಂಪನಿಗಳದ್ದು. ಆ ಕಂಪನಿಗಳೂ ಖರ್ಚಿನಲ್ಲಿ ಪಾಲು ಕೊಡಲಿ ಎಂದು ದೂರಸಂಪರ್ಕ ಕಂಪನಿಗಳು ಕೇಳುವುದು ಅನ್ಯಾಯವಲ್ಲ. ವಿದ್ಯುತ್ತನ್ನೇ ನೋಡಿ: ಮನೆಗೊಂದು ದರ, ಕಾರ್ಖಾನೆಗೊಂದು ದರ, 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್‌ಗೆ ಉಚಿತ. ಅಲ್ಲಿ ಇಲ್ಲದ ಸಮಾನತೆ ಅಂತರ್ಜಾಲಕ್ಕೆ ಮಾತ್ರ ಏಕೆ?

ಉತ್ತರ 4 — ಹುಬ್ಬಳ್ಳಿಯ ವಕೀಲೆ

ವಿದ್ಯುತ್ತಿನ ಉದಾಹರಣೆ ಒಳ್ಳೆಯದು, ಅದನ್ನೇ ಹಿಡಿದು ಹೇಳುತ್ತೇನೆ. ಆ ದರಗಳನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅದೂ ಸಾರ್ವಜನಿಕರ ಅಹವಾಲು ಕೇಳಿ. ಪಂಪ್‌ಸೆಟ್ಟಿನ ಹೊರೆಯನ್ನು ಸರ್ಕಾರ ಸಹಾಯಧನದಿಂದ ತುಂಬುತ್ತದೆ. ಹೆಸ್ಕಾಂ ಯಾವುದೋ ಮಿಕ್ಸಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಆ ಮಿಕ್ಸಿಗೆ ಪೂರ್ಣ ವೋಲ್ಟೇಜ್, ಉಳಿದವಕ್ಕೆ ಅರ್ಧ ಎಂದು ಹೇಳಿದರೆ ನಾವು ಒಪ್ಪುತ್ತೇವೆಯೇ?

ಪಾಲು ಕೇಳುವ ಪ್ರಯೋಗ ದಕ್ಷಿಣ ಕೊರಿಯಾದಲ್ಲಿ ನಡೆದಿದೆ. ಅಲ್ಲಿನ ಸೇವಾದಾತ ಕಂಪನಿ ಎಸ್‌ಕೆ ಬ್ರಾಡ್‌ಬ್ಯಾಂಡ್ ಮತ್ತು ನೆಟ್‌ಫ್ಲಿಕ್ಸ್ ನಡುವಿನ ವರ್ಷಗಳ ವ್ಯಾಜ್ಯ 2023ರಲ್ಲಿ ರಾಜಿಯಲ್ಲಿ ಮುಗಿಯಿತು. ಆದರೆ ಟ್ವಿಚ್ ಎಂಬ ನೇರಪ್ರಸಾರದ ತಾಣ ಮೊದಲು ಚಿತ್ರದ ಗುಣಮಟ್ಟ ಇಳಿಸಿ, ಆಮೇಲೆ ಜಾಲಶುಲ್ಕದ ಹೊರೆಯನ್ನೇ ಕಾರಣವಾಗಿ ಹೇಳಿ 2024ರ ಫೆಬ್ರುವರಿಯಲ್ಲಿ ಆ ದೇಶವನ್ನೇ ಬಿಟ್ಟಿತು. ಅಮೆಜಾನ್‌ನಂಥ ಕಂಪನಿಯ ಒಡೆತನದ ತಾಣಕ್ಕೇ ಆಗದ್ದು ನಾಲ್ಕು ಜನ ಶಿಕ್ಷಕರಿಗೆ ಆಗುವುದು ಸಾಧ್ಯವಿಲ್ಲ. ಅಲ್ಲದೆ ಮಾಸ್ತರರ ಮನೆಗೆ ಬರುವ ಪ್ರತಿ ಬೈಟನ್ನೂ ಅವರೇ ಕೇಳಿ ತರಿಸಿಕೊಂಡದ್ದು, ಅದಕ್ಕೆ ಅವರು ಹಣ ಕೊಟ್ಟಾಗಿದೆ. ಹಳ್ಳಿಯ ಫೈಬರ್ ದುಬಾರಿ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ; ಅದಕ್ಕೆ ದಾರಿ ಎಲ್ಲರಿಗೂ ಒಂದೇ ಆಗಿರುವ ದರವನ್ನು ಏರಿಸುವುದು ಅಥವಾ ಸರ್ಕಾರದ ನೆರವು.

ಅಮೆರಿಕದಲ್ಲಿ ಈ ನಿಯಮ 2015ರಲ್ಲಿ ಬಂದು, 2017ರಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ನಮ್ಮದು ಇನ್ನೂ ನಿಂತಿದೆ, ಆದ್ದರಿಂದಲೇ ಅದನ್ನು ಬಳಸಬೇಕು.

ಪ್ರಶ್ನೆ ಕೇಳಿದವರಿಂದ

ಎಂಜಿನಿಯರ್ ಮಹನೀಯರು ಹೇಳಿದಂತೆ ಐದು ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬೆಳಿಗ್ಗೆ ಆರಕ್ಕೆ ಗ್ರಹಣದ ಪಾಠ ಒಮ್ಮೆಯೂ ನಿಲ್ಲಲಿಲ್ಲ. ಸಂಜೆ ಐದೂ ದಿನ ನಿಂತಿತು, ಜತೆಗೆ ತೆರೆದ ಇನ್ನೆರಡು ಸಣ್ಣ ತಾಣಗಳೂ ತೆವಳಿದವು. ಮೊಬೈಲಿನಲ್ಲಿ ಮಾತ್ರ ಸರಾಗವಾಗಿ ಬಂತು. ಹಾಗಾದರೆ ನನ್ನ ಮಿತ್ರರ ತಾಣದ ಮೇಲೆ ಯಾರದ್ದೂ ಹಗೆ ಇಲ್ಲ, ಹೊರದಾರಿ ಇಕ್ಕಟ್ಟಾಗಿದೆ ಎಂದೇ ತಿಳಿಯಬೇಕು. ಆದರೂ ಮೇಲಿನ ಪ್ಲಾನಿಗೆ ಬಂದರೆ ಸರಿಹೋಗುತ್ತದೆ ಎಂದು ನನಗೆ ಹೇಳಿದ್ದು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ.

ಉತ್ತರ 5 — ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್

ಹೊರದಾರಿ ಅಷ್ಟೇ ಇದ್ದು ಮೇಲಿನ ಪ್ಲಾನ್ ಕೊಂಡರೆ, ಮನೆಯ ಮುಂದಿನ ಓಣಿ ಅಗಲವಾಗುತ್ತದೆಯೇ ಹೊರತು ಊರಾಚೆಯ ಸೇತುವೆ ಅಗಲವಾಗುವುದಿಲ್ಲ. ಹಣ ಕೊಡಬೇಡಿ. ಅವರು ಹೇಳಿದ ‘ಗ್ಯಾರಂಟಿ’ಯನ್ನು ಬರಹದಲ್ಲಿ ಕೇಳಿ: ಅದು ಒಳಗಿಟ್ಟ ಸರ್ವರಿನ ಫಲವೋ, ಯಾವುದಾದರೂ ಆ್ಯಪಿಗೆ ಬೇಕೆಂದೇ ಕೊಟ್ಟ ಆದ್ಯತೆಯೋ ಎಂದು ಅವರೇ ತಿಳಿಸಲಿ. ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ಸಂಖ್ಯೆ ಪಡೆಯಿರಿ, ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಊರಿನ ಕೇಬಲ್‌ನವರು ಹೆಚ್ಚಾಗಿ ಇನ್ನೊಬ್ಬರ ಪರವಾನಗಿಯಡಿ ಕೆಲಸ ಮಾಡುವುದರಿಂದ, ಬಿಲ್ಲಿನ ಮೇಲೆ ಯಾರ ಹೆಸರಿದೆ ಎಂದು ನೋಡಿ ಅವರಿಗೇ ಕಳುಹಿಸಿ. ಆ ನೋಟ್‌ಬುಕ್ಕಿನ ಪುಟಗಳ ಫೋಟೊವನ್ನೂ ಜತೆಗೆ ಸೇರಿಸಿ.

ಪ್ರಶ್ನೆ ಕೇಳಿದವರಿಂದ

ಇಂದು ಬೆಳಿಗ್ಗೆ ದೂರು ಸಲ್ಲಿಸಿ ಸಂಖ್ಯೆ ಪಡೆದಿದ್ದೇನೆ. ಅವರ ಬರಹದ ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ಪಾಠಗಳನ್ನು ಬೆಳಿಗ್ಗೆಯೇ ಇಳಿಸಿಟ್ಟುಕೊಂಡು ಸಂಜೆ ತೋರಿಸುತ್ತಿದ್ದೇನೆ.