ಪಂಪಿಂಗ್ ಶೇ. 30 ಇರುವವರು ವಾಕಿಂಗ್ ಮಾಡಬಹುದೇ?

ಪ್ರಶ್ನೆ (ಹುಬ್ಬಳ್ಳಿಯಿಂದ): ನಮಸ್ಕಾರ. ನಮ್ಮ ತಂದೆಯವರಿಗೆ 64 ವರ್ಷ. ಕಳೆದ ವರ್ಷ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಎಕೋ ಪರೀಕ್ಷೆಯಲ್ಲಿ ಪಂಪಿಂಗ್ (ತುಂಬಿದ ರಕ್ತದಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ಪಾಲು) ಶೇ. 30 ಎಂದು ಬಂದಿದ್ದು, ಹೃದಯ ವೈಫಲ್ಯಕ್ಕೆ ಮಾತ್ರೆಗಳು ನಡೆದಿವೆ. ಈಗ ಕಾಲುಬಾವು ಇಳಿದಿದೆ, ರಾತ್ರಿ ಮಲಗಿದಾಗ ದಮ್ಮು ಬರುವುದಿಲ್ಲ. ಮೊದಲು ಉಣಕಲ್ ಕೆರೆಯ ಕಡೆ ದಿನಾಲೂ ವಾಕಿಂಗ್ ಹೋಗುತ್ತಿದ್ದವರನ್ನು ಈಗ ಮನೆಮಂದಿಯೆಲ್ಲ ಹೆದರಿ ಕುರ್ಚಿಯಿಂದ ಏಳಗೊಡುತ್ತಿಲ್ಲ. ಹೃದ್ರೋಗ ತಜ್ಞರು ‘ಸ್ವಲ್ಪ ಸ್ವಲ್ಪ ನಡೆಯಲಿ’ ಎಂದಿದ್ದಾರೆ. ಎಷ್ಟು ನಡೆಯಬೇಕು, ಹೇಗೆ ನಡೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ಫಿಸಿಯೋಥೆರಪಿಸ್ಟ್, ಧಾರವಾಡ): ನಮಸ್ಕಾರ. ಮನೆಯವರ ಹೆದರಿಕೆಗೆ ಕಾರಣವಿದೆ. ಕೆಲವು ದಶಕಗಳ ಹಿಂದೆ ವೈದ್ಯರೇ ಇಂಥ ರೋಗಿಗಳಿಗೆ ಹಾಸಿಗೆಯ ವಿಶ್ರಾಂತಿ ಹೇಳುತ್ತಿದ್ದರು. ಆದರೆ ಸ್ಥಿತಿ ಸ್ಥಿರವಾಗಿರುವ ನಿಮ್ಮ ತಂದೆಯವರಂಥವರಿಗೆ ಕೂತಿರುವುದೇ ಹೆಚ್ಚು ಕೆಡುಕು ಎಂಬುದು ಈಗ ಸ್ಪಷ್ಟವಾಗಿದೆ. ಹೃದಯ ದುರ್ಬಲವಾದವರ ಏದುಸಿರಿಗೆ ಹೃದಯವೊಂದೇ ಕಾರಣವಲ್ಲ. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕಾಲಿನ ಸ್ನಾಯುಗಳು ಸೊರಗಿ, ರಕ್ತದಲ್ಲಿ ಬಂದ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ, ಆದ್ದರಿಂದ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದಣಿವಾಗುತ್ತದೆ. ಒಂದೇ ಪ್ರಮಾಣದ ಪಂಪಿಂಗ್ ಇರುವ ಇಬ್ಬರಲ್ಲಿ ಒಬ್ಬರು ಸಂತೆ ಮಾಡಿಕೊಂಡು ಬರುವುದು, ಇನ್ನೊಬ್ಬರು ಬಚ್ಚಲಿಗೆ ಹೋಗುವುದಕ್ಕೇ ಸೋಲುವುದು ಬಹುಮಟ್ಟಿಗೆ ಇದರಿಂದಲೇ. ತರಬೇತಿಯಿಂದ ಮುಖ್ಯವಾಗಿ ಸುಧಾರಿಸುವುದು ಈ ಸ್ನಾಯುಗಳು ಮತ್ತು ರಕ್ತನಾಳಗಳು. ಆದ್ದರಿಂದ ಮುಂದಿನ ಎಕೋದಲ್ಲಿ ಸಂಖ್ಯೆ ಏರದಿದ್ದರೂ ನಿರಾಶರಾಗಬೇಡಿ.

2009ರಲ್ಲಿ ಪ್ರಕಟವಾದ ‘ಹೆಚ್‌ಎಫ್-ಆಕ್ಷನ್’ ಅಧ್ಯಯನದಲ್ಲಿ ಪಂಪಿಂಗ್ ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದ 2,331 ಮಂದಿ ಇದ್ದರು. ವ್ಯಾಯಾಮ ಮಾಡಿದವರಲ್ಲಿ ಸಾವು ಮತ್ತು ಆಸ್ಪತ್ರೆ ದಾಖಲಾತಿಯಲ್ಲಿ ಕಂಡ ಇಳಿಕೆ ಸಾಧಾರಣವಾದುದು, ಅದನ್ನು ದೊಡ್ಡದು ಮಾಡಿ ಹೇಳುವುದು ತಪ್ಪಾಗುತ್ತದೆ. ಆದರೆ ವ್ಯಾಯಾಮ ಸುರಕ್ಷಿತವೆಂದೂ ದಿನನಿತ್ಯದ ಬದುಕು ಹಗುರವಾಗುತ್ತದೆಂದೂ ಅದರಿಂದ ತಿಳಿಯಿತು.

ಮೊದಲು ಹೃದ್ರೋಗ ತಜ್ಞರಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆಯನ್ನೋ, ಅವರು ಸರಿಯೆಂದರೆ ಟಿಎಂಟಿಯನ್ನೋ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳಿ. ಆಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಸಮತಟ್ಟಾದ ನೆಲದಲ್ಲಿ ಐದರಿಂದ ಹತ್ತು ನಿಮಿಷ ನಡೆಯಲಿ. ನಡುವೆ ಕೂರಲು ಜಾಗವಿರುವ ಹಾದಿಯಾದರೆ ಒಳ್ಳೆಯದು. ನೃಪತುಂಗ ಬೆಟ್ಟದ ಏರು ಸದ್ಯಕ್ಕೆ ಬೇಡ. ಮೊದಲ ಮತ್ತು ಕೊನೆಯ ಕೆಲವು ನಿಮಿಷ ನಿಧಾನವಾಗಿರಲಿ, ಫಕ್ಕನೆ ನಿಲ್ಲಬಾರದು. ಕೆಲವು ದಿನಗಳಿಗೊಮ್ಮೆ ಒಂದೆರಡು ನಿಮಿಷ ಕೂಡಿಸುತ್ತ, ವಾರದ ಐದು ದಿನ ಅರ್ಧ ಗಂಟೆಯವರೆಗೆ ಹೋಗಬಹುದು. ಸಮಯ ಹೆಚ್ಚಿದ ಮೇಲಷ್ಟೇ ವೇಗ ಹೆಚ್ಚಲಿ.

ವೇಗದ ಅಳತೆಗೆ ನಾಡಿಯನ್ನು ನಂಬಬೇಡಿ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಮುಂತಾದ ಮಾತ್ರೆಗಳು ನಾಡಿಯನ್ನು ಹಿಡಿದಿಡುವುದರಿಂದ ವಾಚಿನ ಲೆಕ್ಕ ದಾರಿ ತಪ್ಪಿಸುತ್ತದೆ. ನಡೆಯುವಾಗ ಉಸಿರು ಸ್ವಲ್ಪ ಹೆಚ್ಚಬೇಕು, ಆದರೆ ಜೊತೆಯವರೊಡನೆ ಪೂರ್ಣ ವಾಕ್ಯ ಆಡುವಷ್ಟು ಬಿಡುವಿರಬೇಕು. ಮಾತು ತುಂಡಾದರೆ ವೇಗ ಇಳಿಸಬೇಕು.

ಪ್ರಶ್ನೆ (ಗದಗದಿಂದ): ಮೇಡಂ, ನಮ್ಮ ಅತ್ತೆಯವರಿಗೆ ಪಂಪಿಂಗ್ ಶೇ. 58 ಇದ್ದರೂ ಹೃದಯ ವೈಫಲ್ಯವೆಂದು ಆಸ್ಪತ್ರೆಯಲ್ಲಿಟ್ಟು ಕಳಿಸಿದ್ದಾರೆ. ಅವರಿಗೆ 73 ವರ್ಷ, ನೆಲದ ಮೇಲೆ ಕೂತರೆ ಏಳಲು ಆಗುವುದಿಲ್ಲ. ಇಂಥವರು ವಾಕಿಂಗ್ ಹೇಗೆ ಮಾಡಬೇಕು?

ಉತ್ತರ: ಹೃದಯ ಹಿಂಡುವುದರಲ್ಲಿ ಸರಿಯಿದ್ದರೂ ಬಿಗಿಯಾದ ಕಾರಣ ಸಡಿಲಗೊಂಡು ತುಂಬಿಕೊಳ್ಳುವುದರಲ್ಲಿ ಸೋತಾಗಲೂ ವೈಫಲ್ಯ ಬರುತ್ತದೆ, ವಯಸ್ಸಾದ ಹೆಣ್ಣುಮಕ್ಕಳಲ್ಲಿ, ಅದರಲ್ಲೂ ಬಿ.ಪಿ. ಇದ್ದವರಲ್ಲಿ, ಇದು ಬಹಳ. ಇವರಿಗೆ ವಾಕಿಂಗ್‌ಗಿಂತ ಮೊದಲು ಬೇಕಾದದ್ದು ಕಾಲಿನ ಬಲ ಮತ್ತು ಸಮತೋಲ. ಆಸ್ಪತ್ರೆಗೆ ಸೇರಿದ್ದ ಹಿರಿಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ರಿಹ್ಯಾಬ್-ಹೆಚ್‌ಎಫ್’ ಅಧ್ಯಯನ ಬಲ, ಸಮತೋಲ, ಚಲನೆ, ನಡಿಗೆ ನಾಲ್ಕನ್ನೂ ಸೇರಿಸಿ ಒಳ್ಳೆಯ ಫಲ ಕಂಡಿತು. ಗೋಡೆಗೆ ಆನಿಸಿಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು ಐದು ಸಲ, ಆಮೇಲೆ ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದನ್ನು ಐದು ಸಲ ಮಾಡಿಸಿ. ನೀವು ಪಕ್ಕದಲ್ಲೇ ನಿಂತಿರಿ. ಏಳುವಾಗ ಉಸಿರು ಬಿಡಲಿ, ಬಿಗಿಹಿಡಿದು ತಿಣುಕಬಾರದು. ತುಂಬಿದ ಕೊಡ ಎತ್ತುವುದು ಬೇಡವೆನ್ನುವುದೂ ಇದೇ ಕಾರಣಕ್ಕೆ.

ಪ್ರಶ್ನೆ (ಹುಬ್ಬಳ್ಳಿಯ ಮೊದಲ ಪ್ರಶ್ನಾಕಾರರು): ಧನ್ಯವಾದಗಳು ಮೇಡಂ. ಯಾವ ದಿನ ನಡೆಸಬಾರದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ದಿನಾಲೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದೊಳಗೆ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು. ಅಂದು ನಡಿಗೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಹೊಸದಾಗಿ ಕಾಲುಬಾವು, ಕೂತಲ್ಲೇ ದಮ್ಮು, ಜ್ವರ ಇದ್ದ ದಿನವೂ ಬೇಡ. ನಡೆಯುವಾಗ ಎದೆನೋವು, ಕಣ್ಣುಕತ್ತಲೆ, ಎದೆ ತಾಳ ತಪ್ಪಿ ಬಡಿಯುವುದು ಕಂಡರೆ ಅಲ್ಲೇ ಕೂರಿಸಿ; ಕೂತರೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮೊದಲೇ ಮನೆ ಸೇರಬೇಕು, ಏಕೆಂದರೆ ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಬೆವರೂ ಸೇರಿದರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಇನ್ನು, ನಡೆದ ಮಾತ್ರಕ್ಕೆ ಉಪ್ಪಿನ ಪಥ್ಯ ಸಡಿಲವಾಗುವುದಿಲ್ಲ. ರೊಟ್ಟಿಯ ಪಕ್ಕದ ಉಪ್ಪಿನಕಾಯಿ, ಹಪ್ಪಳ ದೂರವೇ ಇರಲಿ. ಮುಂದಿನ ತಪಾಸಣೆಗೆ ಹೋಗುವಾಗ ತೂಕ ಬರೆದ ಹಾಳೆಯಲ್ಲೇ ಪ್ರತಿದಿನ ನಡೆದ ನಿಮಿಷಗಳನ್ನೂ ಬರೆದುಕೊಂಡು ಹೋಗಿ, ವೈದ್ಯರು ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಲು ಅದು ನೆರವಾಗುತ್ತದೆ.