ಗಂಧವೇ ಇಲ್ಲದ ಅಗರಬತ್ತಿಗೆ ಗಂಧದ ವಾಸನೆ ಹೇಗೆ?

ಸಾಣೆಕಲ್ಲು
ಮನೆಯಲ್ಲಿ ಅಜ್ಜಿ ಕಾಲದ ಒಂದು ಗಂಧದ ಕೊರಡಿದೆ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದರೆ ವಾಸನೆ ಮೆಲ್ಲಗೆ ಬರುತ್ತದೆ, ಹತ್ತಿರ ಹೋಗಿ ಮೂಸಬೇಕು. ಅಂಗಡಿಯ ಅಗರಬತ್ತಿಯಾದರೆ ಪ್ಯಾಕೆಟ್ ಒಡೆದರೆ ಸಾಕು, ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಆ ರೇಟಿಗೆ ಅಸಲಿ ಗಂಧದೆಣ್ಣೆ ಹಾಕೋಕಾಗಲ್ಲ, ಅದು ನನಗೂ ಗೊತ್ತು. ನನ್ನ ಪ್ರಶ್ನೆ ಬೇರೆ. ಅದರಲ್ಲಿರುವುದು ಬೇರೆಯೇ ಕೆಮಿಕಲ್ ಅಂದಮೇಲೆ ಮೂಗು ಅದನ್ನೂ ಗಂಧ ಅಂತ ಯಾಕೆ ಒಪ್ಪಿಕೊಳ್ಳಬೇಕು? ಇನ್ನೊಂದು, ನಮ್ಮ ಮನೆಯವರಿಗೆ ಆ ಅಗರಬತ್ತಿಯಲ್ಲಿ ಗಂಧ ಅನ್ನೋದೇ ಗೊತ್ತಾಗಲ್ಲ, ಏನೋ ಹೂವಿನ ಸೆಂಟು ಅಂತಾರೆ. ಇಬ್ಬರಲ್ಲಿ ಯಾರ ಮೂಗು ಕೆಟ್ಟಿದೆ?

ಬೆಂಜೀನ್ ಬಸವ
ಇಬ್ಬರದೂ ಕೆಟ್ಟಿಲ್ಲ ಮೇಡಂ. ಮೊದಲು ಅಸಲಿ ಗಂಧ. ಅದರ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಸ್ಯಾಂಟಲಾಲ್ ಅನ್ನುವ ಅಣುಗಳು, ಆಲ್ಫಾ ಮತ್ತು ಬೀಟಾ ಅಂತ ಎರಡು ಬಗೆ. ಆಲ್ಫಾ ಹೆಚ್ಚುಕಡಿಮೆ ಅರ್ಧ, ಬೀಟಾ ಐದರಲ್ಲಿ ಒಂದು ಪಾಲು. ಪ್ರಮಾಣದಲ್ಲಿ ಕಡಿಮೆ ಇದ್ದರೂ ನಾವು ಗಂಧ ಅಂತ ಗುರುತು ಹಿಡಿಯುವುದು ಜಾಸ್ತಿ ಬೀಟಾದಿಂದಲೇ. ಸೆಂಟಿನವರು ಹಾಕುವುದು ಸ್ಯಾಂಡಲೋರ್, ಜವನಾಲ್ ಥರದವು, ಟರ್ಪೆಂಟೈನ್‌ನಲ್ಲಿ ಸಿಗುವ ಪೈನೀನ್‌ನಿಂದ ಶುರು ಮಾಡಿ ತಯಾರಿಸುತ್ತಾರೆ. ಅಣುವಿನ ಚೌಕಟ್ಟೇ ಬೇರೆ. ಆದರೆ ಒಂದು ಕಡೆ ದಪ್ಪನೆಯ ಇಂಗಾಲದ ಉಂಗುರ, ಇನ್ನೊಂದು ತುದಿಯಲ್ಲಿ ಆಲ್ಕೋಹಾಲ್ ಗುಂಪು, ಇಷ್ಟು ಮಾತ್ರ ಎರಡಕ್ಕೂ ಸಮ.

ಈಗ ಮೂಗು. ಅದರ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ, ಅವುಗಳ ಮೇಲೆ ರಿಸೆಪ್ಟರ್ ಅನ್ನುವ ಪ್ರೋಟೀನ್. ಮನುಷ್ಯರಲ್ಲಿ ಸುಮಾರು 400 ಬಗೆ ಇವೆ, ಒಂದು ಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಹುಡುಕಿದ್ದು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್, ಅದಕ್ಕೇ 2004ರ ನೊಬೆಲ್. ಎಷ್ಟೋ ಜನ 'ಗಂಧಕ್ಕೆ ಒಂದು ರಿಸೆಪ್ಟರ್, ಮಲ್ಲಿಗೆಗೆ ಒಂದು' ಅಂದುಕೊಂಡಿರುತ್ತಾರೆ, ಹಾಗಿಲ್ಲ. ಒಂದೇ ಅಣು ಹಲವು ರಿಸೆಪ್ಟರ್‌ಗಳನ್ನು ಎಬ್ಬಿಸುತ್ತದೆ, ಒಂದೇ ರಿಸೆಪ್ಟರ್ ಹಲವು ಅಣುಗಳಿಗೆ ಏಳುತ್ತದೆ. ಯಾವ್ಯಾವುದು ಎದ್ದಿತು, ಎಷ್ಟು ಜೋರಾಗಿ ಎದ್ದಿತು ಅನ್ನುವುದನ್ನು ನೋಡಿ ಮಿದುಳು ಹೆಸರಿಡುತ್ತದೆ. ಅಗರಬತ್ತಿಯ ಕೆಮಿಕಲ್ ಹೆಚ್ಚುಕಡಿಮೆ ಅದೇ ಗುಂಪನ್ನು ಎಬ್ಬಿಸಿದರೆ ಮುಗೀತು, ಅದು ಗಂಧವೇ.

ಇದರ ಉಲ್ಟಾ ಕೂಡ ಇದೆ, ನನಗೆ ಅದೇ ಜಾಸ್ತಿ ಮಜಾ ಅನಿಸುವುದು. ಪುದೀನದಲ್ಲಿ ಕಾರ್ವೋನ್ ಅಂತ ಒಂದು ಅಣು ಇದೆ. ಸಬ್ಬಸಿಗೆ ಬೀಜದಲ್ಲೂ (ಸೊಪ್ಪಲ್ಲ, ಬೀಜ) ಕಾರ್ವೋನೇ. ಎರಡರಲ್ಲೂ ಪರಮಾಣುಗಳು ಅವೇ, ಜೋಡಣೆಯೂ ಅದೇ, ಆದರೆ ಎಡಗಾಲು ಬಲಗಾಲಿನ ಚಪ್ಪಲಿಗಳ ಹಾಗೆ ಒಂದು ಇನ್ನೊಂದರ ಕನ್ನಡಿ ರೂಪ. ಅಷ್ಟಕ್ಕೇ ಒಂದು ಪುದೀನ ಚಟ್ನಿ, ಇನ್ನೊಂದು ಸಬ್ಬಸಿಗೆ. ರಿಸೆಪ್ಟರ್ ಕೂಡ ಎಡ ಬಲ ಇರುವ ಪ್ರೋಟೀನು, ಅದಕ್ಕೇ ಈ ವ್ಯತ್ಯಾಸ ಗೊತ್ತಾಗುತ್ತದೆ.

ಮಸಾಲೆ ಬತ್ತಿ
ನಾನು ಮೈಸೂರಿನಲ್ಲಿ ಅಗರಬತ್ತಿಗೆ ಕಾಂಪೌಂಡ್, ಅಂದರೆ ಸೆಂಟಿನ ಮಿಶ್ರಣ, ಮಿಕ್ಸ್ ಮಾಡುವವನು. ಬಸವ ಸರ್ ಹೇಳಿದ್ದು ಸರಿ, ಕೆಲಸದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಗಂಧ ಮತ್ತು ಕಸ್ತೂರಿ ಥರದ ಭಾರದ ಅಣುಗಳು ಎಲ್ಲರ ಮೂಗಿಗೂ ಸಿಗುವುದಿಲ್ಲ. ಬ್ಲಾಟರ್ ಕಾಗದಕ್ಕೆ ಅದ್ದಿ ಕೊಟ್ಟರೆ ಒಬ್ಬ 'ಅಬ್ಬಾ ಎಷ್ಟು ಜೋರು' ಅಂತಾನೆ, ಪಕ್ಕದವನು ಖಾಲಿ ಕಾಗದ ಕೊಟ್ಟಿದ್ದೀರಾ ಅಂತ ಕೇಳುತ್ತಾನೆ, ಇಬ್ಬರೂ ಸುಳ್ಳು ಹೇಳ್ತಿರಲ್ಲ. ಅದಕ್ಕೇ ನಾವು ಗಂಧಕ್ಕೆ ಒಂದೇ ಸಿಂಥೆಟಿಕ್ ಹಾಕುವುದಿಲ್ಲ, ಎರಡು ಮೂರು ಸೇರಿಸುತ್ತೇವೆ, ಒಂದು ಸಿಗದಿದ್ದರೆ ಇನ್ನೊಂದಾದರೂ ಸಿಗಲಿ ಅಂತ. ನಿಮ್ಮ ಯಜಮಾನರಿಗೆ ಪ್ಯಾಕೆಟ್ಟಿನ ಗಂಧದ ಭಾಗ ತಪ್ಪಿಹೋಗಿ, ಜೊತೆಗೆ ಹಾಕಿದ ಗುಲಾಬಿಯೋ ಮಲ್ಲಿಗೆಯೋ ಮಾತ್ರ ಸಿಕ್ಕಿರಬಹುದು. ಬೇರೆ ಬೇರೆ ಕಂಪನಿಯದು ತಂದು ತೋರಿಸಿ ನೋಡಿ.

ಮತ್ತೆ, ಒಂದೇ ಸಮನೆ ಮೂಸಬೇಡಿ. ಮೂಗು ಸೋತುಹೋಗುತ್ತದೆ. ಕಾಫಿ ಬೀಜ ಮೂಸಿದರೆ ಸರಿಹೋಗುತ್ತದೆ ಅಂತ ಸೆಂಟಿನ ಅಂಗಡಿಯಲ್ಲಿ ಬಟ್ಟಲು ಇಟ್ಟಿರುತ್ತಾರಲ್ವಾ, ಅದೆಲ್ಲ ಸುಮ್ನೆ. ಹೊರಗೆ ಹೋಗಿ ಗಾಳಿಗೆ ನಿಂತರೂ ಅಷ್ಟೇ ಫಲ.

ಕ್ಯಾರೆಟ್ ಹಲ್ವಾ
ಈ 'ಒಬ್ಬರಿಗೆ ಸಿಗುತ್ತದೆ, ಒಬ್ಬರಿಗಿಲ್ಲ' ಅನ್ನುವುದಕ್ಕೆ ಚೆನ್ನಾಗಿ ಗೊತ್ತಿರುವ ಕೇಸು ಬೀಟಾ ಅಯೋನೋನ್. ವಯೊಲೆಟ್ ಹೂವಿನ ವಾಸನೆ ಅದು, ರಾಸ್‌ಬೆರಿ, ಕ್ಯಾರೆಟ್, ಟೀಯಲ್ಲೂ ಸ್ವಲ್ಪ ಇರುತ್ತದೆ. ಅದನ್ನು ಹಿಡಿಯುವುದು ಮುಖ್ಯವಾಗಿ ಓಆರ್5ಎ1 ಅನ್ನುವ ರಿಸೆಪ್ಟರ್. ಅದರ ಜೀನ್‌ನ ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ವಾಸನೆ ಸಿಗುವ ರೀತಿಯೇ ಬೇರೆಯಾಗುತ್ತದೆ ಅಂತ 2013ರಲ್ಲಿ ನ್ಯೂಜಿಲೆಂಡಿನವರು ತೋರಿಸಿದರು. ಕೆಲವರಿಗೆ ಘಮ್ಮನೆ ಹೂವು. ಇನ್ನು ಕೆಲವರಿಗೆ ತುಂಬಾ ಜಾಸ್ತಿ ಹಾಕಿದರೆ ಮಾತ್ರ ಗೊತ್ತಾಗುತ್ತದೆ, ಆಗಲೂ ಹುಳಿ ಘಾಟು ಅಂತಾರೆ. ಹಾಗಾಗಿ ಮೂಗಿನ ವಿಷಯಕ್ಕೆ ಗಂಡ ಹೆಂಡತಿ ಜಗಳ ಬೇಡ.

ಚಂದನ ಲೇಪ
ಗಂಧದ ರಿಸೆಪ್ಟರ್ ಚರ್ಮದಲ್ಲೂ ಇದೆಯಂತೆ, ಗಂಧ ಹಚ್ಚಿದರೆ ಗಾಯ ಬೇಗ ಮಾಯುತ್ತದೆ ಅಂತ ಜರ್ಮನ್ನರೇ ಸಾಬೀತು ಮಾಡಿದ್ದಾರೆ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂತು. ನಿಜವಾ?

ಬೆಂಜೀನ್ ಬಸವ
ಅರ್ಧ ನಿಜ. ವಾಸನೆಯ ರಿಸೆಪ್ಟರ್‌ಗಳು ಮೂಗಿನ ಹೊರಗೂ ಇವೆ. ಚರ್ಮದ ಕೋಶಗಳಲ್ಲಿ ಓಆರ್2ಎಟಿ4 ಅಂತ ಒಂದಿದೆ, ಅದನ್ನು ಎಬ್ಬಿಸಿದರೆ ಕೋಶಗಳು ಬೇಗ ಬೆಳೆದು ಸರಿಯುತ್ತವೆ ಅಂತ ಜರ್ಮನಿಯ ಬೋಖುಮ್‌ನವರು 2014ರಲ್ಲಿ ಬರೆದರು. 2018ರಲ್ಲಿ ಕೂದಲಿನ ಬುಡದ ಮೇಲೂ ಇಂಥದ್ದೇ ಪ್ರಯೋಗ ಬಂತು. ಆದರೆ ಎರಡೂ ಲ್ಯಾಬಿನಲ್ಲಿ ಬೆಳೆಸಿದ ಕೋಶ, ಚರ್ಮದ ತುಣುಕುಗಳ ಮೇಲೆ ನಡೆದದ್ದು. ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವ ಸಾಲು ಇನ್ನೊಂದಿದೆ: ಆ ರಿಸೆಪ್ಟರನ್ನು ಎಬ್ಬಿಸಿದ್ದು ಸ್ಯಾಂಡಲೋರ್, ಅಂದರೆ ಅದೇ ಅಗರಬತ್ತಿಯ ಸಿಂಥೆಟಿಕ್. ಅಸಲಿ ಗಂಧದೆಣ್ಣೆಗೆ ಅದು ಏಳಲೇ ಇಲ್ಲ. ಗ್ರೂಪಿನಲ್ಲಿ ಹೇಳಿ ನೋಡಿ, ಯಾರೂ ಲೈಕ್ ಹಾಕಲ್ಲ.